ಆರನೇ ಕುರ್ಚಿಯಲ್ಲಿ ಕೂತವನು

ಭಾವ, ಆ ಕಾಳಿಂಗ ನಾನೇ.

ಇಷ್ಟು ಬರೆಯಲು ಮೂರು ವರ್ಷ ಹಿಡಿಯಿತು. ಬರೆದ ಮೇಲೆ ನೋಡಿದರೆ ನಾಲ್ಕೇ ಪದ. ನಾಲ್ಕು ತಿಂಗಳ ಕಾಲ, ಪೋಕರ್ ಆಪ್‌ನಲ್ಲಿ ದಿನಾ ಮಧ್ಯಾಹ್ನ ನಿಮ್ಮ ಟೇಬಲ್ಲನ್ನೇ ಹುಡುಕಿಕೊಂಡು ಬಂದು, ನಿಮ್ಮನ್ನು ಸೋಲಿಸಿ ಸೋಲಿಸಿ, ಕೊನೆಗೆ ನೀವು ಆಟವನ್ನೇ ಬಿಡುವಂತೆ ಮಾಡಿದನಲ್ಲ — ಅವನು ಹೈದರಾಬಾದಿನವನೂ ಅಲ್ಲ, ಮುಂಬೈಯವನೂ ಅಲ್ಲ. ಹೊನ್ನಾಳಿಯಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟುಕೊಂಡಿರುವ ನಿಮ್ಮ ಹೆಂಡತಿಯ ತಮ್ಮ, ಮಂಜುನಾಥ. ನೀವು ‘ಮಂಜಾ’ ಎಂದು ಕರೆಯುವವನು.

ಈಗ ಆ ಆಪ್ ಇಲ್ಲ. ದುಡ್ಡಿಟ್ಟು ಆಡುವ ಆಟಗಳನ್ನೆಲ್ಲ ಸರ್ಕಾರ ನಿಲ್ಲಿಸಿದ ಮೇಲೆ ಅದೂ ಬಾಗಿಲು ಹಾಕಿತು. ಯಾರು ಯಾವ ಹೆಸರಿನಲ್ಲಿ ಕೂತಿದ್ದರು ಎಂದು ತೋರಿಸಲು ಯಾವ ಸಾಕ್ಷಿಯೂ ನಿಮಗೆ ಸಿಗುವುದಿಲ್ಲ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಯುವವರೆಗೂ ನಿಮಗೆ ಗೊತ್ತಾಗುತ್ತಿರಲಿಲ್ಲ. ಹಾಗೆಯೇ ಇರಲಿ ಎಂದು ಆಸೆಪಟ್ಟವನೂ ನಾನೇ — ಮೊನ್ನೆ ನಿಮ್ಮ ಫೋನ್ ಬರುವ ತನಕ.

ಈ ಕಾಗದ ಅಕ್ಕನೂ ಓದಬೇಕು. ಅವಳಿಗೆ ಈ ಆಟದ ತಲೆಬುಡ ಗೊತ್ತಿಲ್ಲ, ಆದ್ದರಿಂದ ನಿಮಗೆ ಗೊತ್ತಿರುವುದನ್ನೂ ಅಲ್ಲಲ್ಲಿ ಬಿಡಿಸಿ ಹೇಳುತ್ತೇನೆ. ಸಹಿಸಿಕೊಳ್ಳಿ.

ಕೊರೋನಾ ಕಾಲದಲ್ಲಿ ಬಸ್ಸುಗಳು ನಿಂತಾಗ ನಿಮಗೆ ಕೆಲಸವಿರಲಿಲ್ಲ. ಚನ್ನಗಿರಿ ಬಸ್ ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸುಗಳ ಟೈಮ್‌ಕೀಪರ್ ಆಗಿ ಇಪ್ಪತ್ತು ವರ್ಷ ನಿಂತವರು, ಒಮ್ಮೆಲೇ ಮನೆಯ ಜಗಲಿಯ ಮೇಲೆ ಕೂರಬೇಕಾಯಿತು. ಆಗ ಯಾರೋ ಕಂಡಕ್ಟರ್ ನಿಮ್ಮ ಮೊಬೈಲಿಗೆ ಈ ಆಟ ಹಾಕಿಕೊಟ್ಟ. ನೀವು ನನಗೆ ಕಲಿಸಿದಿರಿ. ಸೈಕಲ್ ಕಲಿಸಿದ್ದೂ ನೀವೇ. ನ್ಯಾಮತಿಯ ನಮ್ಮ ಮನೆಯಿಂದ ಅಕ್ಕನನ್ನು ಮದುವೆಯಾಗಿ ಕರೆದುಕೊಂಡು ಹೋದಾಗ ನಾನು ಏಳನೇ ಕ್ಲಾಸು. ಅವತ್ತಿನಿಂದ ನನಗೆ ಬಂದ ಅರ್ಧ ವಿದ್ಯೆ ನಿಮ್ಮಿಂದ ಬಂದದ್ದು. ಈ ಆಟವೂ ಆ ಲೆಕ್ಕದಲ್ಲೇ ಸೇರಿತು.

ಅಕ್ಕಾ, ಆಟ ಇಷ್ಟೇ. ಮೊಬೈಲ್ ಪರದೆಯ ಮೇಲೆ ಒಂದು ಟೇಬಲ್, ಸುತ್ತ ಆರು ಕುರ್ಚಿ. ಒಬ್ಬೊಬ್ಬರಿಗೆ ಎರಡು ಎಲೆ, ಅವು ಬೇರೆಯವರಿಗೆ ಕಾಣುವುದಿಲ್ಲ. ನಡುವೆ ಐದು ಎಲೆ, ಅವು ಎಲ್ಲರಿಗೂ ಕಾಣುತ್ತವೆ. ಒಳ್ಳೆಯ ಎಲೆ ಬಂದವನು ಪಣ ಏರಿಸುತ್ತಾನೆ. ಬರದವನು ಎಲೆ ಕೆಳಗಿಟ್ಟು ಸುಮ್ಮನಾಗುತ್ತಾನೆ. ಆದರೆ ಬರದವನೂ ಬಂದವನ ಹಾಗೆ ಪಣ ಏರಿಸಬಹುದು. ಅದೇ ಬ್ಲಫ್. ಎದುರಿನವನು ಹೆದರಿ ಎಲೆ ಕೆಳಗಿಟ್ಟರೆ ಗೆದ್ದ ಹಾಗೆ. ಹೆದರದೆ ‘ತೋರಿಸು’ ಎಂದರೆ ಮುಗಿಯಿತು.

ಭಾವ, ನೀವು ಈ ಆಟವನ್ನು ಜೂಜೆಂದು ಆಡಲಿಲ್ಲ ಎಂದು ಯಾರಾದರೂ ನನಗೆ ಹೇಳಿದ್ದರೆ ನಾನೂ ನಗುತ್ತಿದ್ದೆ. ಕಣ್ಣಾರೆ ಕಂಡೆ, ಅದಕ್ಕೇ ಹೇಳುತ್ತೇನೆ. ಬಸ್ಸುಗಳು ಮತ್ತೆ ಓಡತೊಡಗಿದ ಮೇಲೂ, ಮಧ್ಯಾಹ್ನ ಸ್ಟ್ಯಾಂಡು ಖಾಲಿ ಇರುವ ಒಂದು ಗಂಟೆ ಮಾತ್ರ ನೀವು ಆಡುತ್ತಿದ್ದುದು. ತಿಂಗಳಿಗೆ ಇಷ್ಟು ಎಂದು ಮೊದಲೇ ತೆಗೆದಿಟ್ಟದ್ದು ಬಿಟ್ಟರೆ ಮನೆಯ ಒಂದು ರೂಪಾಯಿ ಮುಟ್ಟುತ್ತಿರಲಿಲ್ಲ. ಮೂರು ಆಟ ಸಾಲಾಗಿ ಸೋತರೆ ಅವತ್ತಿಗೆ ಮೊಬೈಲ್ ಜೇಬಿಗೆ. ಆಮೇಲೆ ಹಳೆಯ ಟ್ರಿಪ್ ಶೀಟುಗಳ ಬೆನ್ನಿನ ಮೇಲೆ, ಸೋತ ಆಟವನ್ನು ಮಾತ್ರ ಬರೆಯುತ್ತಿದ್ದಿರಿ — ಯಾವ ಎಲೆ ಇತ್ತು, ಯಾವ ಗಳಿಗೆಯಲ್ಲಿ ಏನು ಯೋಚಿಸಿದೆ, ಎಲ್ಲಿ ಎಡವಿದೆ. ಸೋಮವಾರ ನಿಮಗೆ ರಜೆ. ಆ ಶೀಟುಗಳನ್ನು ಜೇಬಿನಲ್ಲಿಟ್ಟುಕೊಂಡು, ಬಸವಾಪಟ್ಟಣದ ಮೇಲೆ ಬರುವ ಬಸ್ಸು ಹತ್ತಿ ಹೊನ್ನಾಳಿಗೆ ಬಂದುಬಿಡುತ್ತಿದ್ದಿರಿ. ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ, ಫ್ಲೆಕ್ಸ್ ಸುರುಳಿಗಳ ನಡುವೆ ಕೂತು ನಿಮ್ಮದನ್ನು ನಾನು ಓದುವುದು, ನನ್ನದನ್ನು ನೀವು ಓದುವುದು. ಗೆದ್ದದ್ದನ್ನು ತೋರಿಸುವಂತಿರಲಿಲ್ಲ.

“ಗೆದ್ದಾಗ ಎಲ್ರೂ ಜಾಣ್ರೇ ಕಣೋ. ಸೋತಾಗ ತೀರ್ಮಾನ ಸರಿ ಇತ್ತಾ ಇಲ್ವಾ, ಅದನ್ನ ನೋಡ್ಬೇಕು. ತೀರ್ಮಾನ ಸರಿ ಇದ್ರೆ ಎಲೆ ಇವತ್ತಲ್ಲ ನಾಳೆ ಬರ್ತೈತೆ,” ಎನ್ನುತ್ತಿದ್ದಿರಿ.

ಸೋತ ಸಿಟ್ಟಿನಲ್ಲಿ ಆಡುವುದಕ್ಕೆ ಇಂಗ್ಲಿಷಿನವರು ಏನೋ ಹೆಸರಿಟ್ಟಿದ್ದಾರೆ. ನೀವು ಅದನ್ನು ಲೇಟಾದ ಬಸ್ಸು ಎನ್ನುತ್ತಿದ್ದಿರಿ. ಹತ್ತು ನಿಮಿಷ ತಡವಾದ ಡ್ರೈವರ್ ಆ ಹತ್ತು ನಿಮಿಷ ವಾಪಸ್ ತರುತ್ತೇನೆಂದು ಓಡಿಸಿಯೇ ಸಂತೇಬೆನ್ನೂರು ತಿರುವಿನಲ್ಲಿ ಗಾಡಿ ಇಳಿಸುವುದು — “ಹೋದ ಟೈಮ್ ಹೋತು, ಮುಂದಿನ ಸ್ಟಾಪಿಗೆ ಸರಿಯಾಗಿ ಹೋಗು ಸಾಕು.” ಎರಡು ವರ್ಷ ಹೀಗೆ ಆಡಿ, ನಾವಿಬ್ಬರೂ ಸುಮಾರು ಪಳಗಿದೆವು. ಎಲೆ ಕೆಳಗಿಡಲು ನಾಚಿಕೆಯಾಗುವುದು ನಿಂತಿತು. ನಿಜವಾಗಿಯೂ ಆ ಸೋಮವಾರಗಳು ನನ್ನ ಜೀವನದ ಒಳ್ಳೆಯ ದಿನಗಳು.

ಒಂದು ಸೋಮವಾರ ನೀವು ಬರುವಾಗಲೇ ನಗುತ್ತಾ ಬಂದಿರಿ. ಟ್ರಿಪ್ ಶೀಟು ನನ್ನ ಮುಂದೆ ಹರಡಿ, “ನನ್ನ ರೋಗ ಸಿಕ್ತು ಮಂಜಾ,” ಎಂದಿರಿ.

ಬಸ್ ಸ್ಟ್ಯಾಂಡಿನಲ್ಲಿ ಖಾಲಿ ಬಸ್ಸು ನಿಂತಿದ್ದರೆ ಏನು ಮಾಡುತ್ತಾರೆಂದು ನಮ್ಮ ಕಡೆ ಎಲ್ಲರೂ ಬಲ್ಲರು. ಡ್ರೈವರ್ ಇಂಜಿನ್ ಗುರುಗುಟ್ಟಿಸುತ್ತಾನೆ, ಹೊರಟೇಬಿಟ್ಟಿತು ಎಂಬಂತೆ ನಾಲ್ಕು ಮಾರು ಮುಂದೆ ಬಿಡುತ್ತಾನೆ, ಕಂಡಕ್ಟರ್ ಬಾಗಿಲು ಬಡಿದು ಕೂಗುತ್ತಾನೆ. ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದವರು ಲೋಟ ಇಟ್ಟು ಓಡಿ ಬಂದು ಹತ್ತುತ್ತಾರೆ. ಹತ್ತಿದ ಮೇಲೆ ಬಸ್ಸು ಮತ್ತೆ ನಿಂತಲ್ಲೇ! ತುಂಬಿದ ಬಸ್ಸಿಗೆ ಈ ಆರ್ಭಟ ಬೇಡ. ಅದರ ಡ್ರೈವರ್ ಎಲೆ ಅಡಿಕೆ ಹಾಕಿಕೊಂಡು ನಿಧಾನಕ್ಕೆ ಬರುತ್ತಾನೆ. ಇಪ್ಪತ್ತು ವರ್ಷ ಈ ನಾಟಕಕ್ಕೆ ಸೀಟಿ ಊದಿದವರು ನೀವು. ಅದೇ ಬುದ್ಧಿ ಬೆರಳಿಗೂ ಇಳಿದಿತ್ತು.

“ಕೈಯಾಗೆ ಏನೂ ಇಲ್ದಾಗ ನಾನು ತಡ ಮಾಡಲ್ಲ ನೋಡು, ಟಕ್ ಅಂತ ದೊಡ್ಡ ಪಣ ಹಾಕ್ತೀನಿ. ಕೈ ತುಂಬಿದ್ರೆ ಆರಾಮಾಗಿ ಕುಂತ್ಕಂತೀನಿ. ಮೂರು ವಾರದ್ದು ತಾಳೆ ಹಾಕಿ ನೋಡ್ದೆ, ಎಲ್ಲಾ ಹಂಗೇ ಐತೆ. ಇದು ಯಾರಿಗಾದ್ರೂ ಗೊತ್ತಾದ್ರೆ ನನ್ನ ಕತೆ ಮುಗೀತು ಕಣಯ್ಯಾ!”

ಗೊತ್ತಾದದ್ದು ಒಬ್ಬನಿಗೆ. ನೀವೇ ಹೇಳಿದ್ದು. ಅವನು ಆಗ ನಿಮ್ಮ ಜೊತೆ ನಕ್ಕ.

ಆ ಹೊತ್ತಿಗೆ ನನ್ನ ಕತೆ ಬೇರೆಯಾಗಿತ್ತು. ಗಣಪತಿ ಹಬ್ಬದ ಮುಂಚಿನಿಂದ ನಾನು ಸೋಲುತ್ತಿದ್ದೆ. ಒಂದು ದಿನ ಎರಡು ದಿನವಲ್ಲ — ಎರಡು ತಿಂಗಳು. ಎರಡು ಎಕ್ಕ ಕೈಗೆ ಬಂದರೂ ಕೊನೆಯ ಎಲೆಯಲ್ಲಿ ಯಾವನೋ ಮೀರಿಸುವುದು. ನಾನು ಬ್ಲಫ್ ಮಾಡಿದ ದಿನವೇ ಎದುರಿನವನಿಗೆ ರಾಜರ ಜೋಡಿ. ಆಡಿದವರಿಗೆ ಗೊತ್ತು, ಇಂಥ ಸಾಲು ಎಂಥವರಿಗೂ ಬರುತ್ತದೆ. ಬಾಯಲ್ಲಿ ನಾನೂ ಅದನ್ನೇ ಹೇಳುತ್ತಿದ್ದೆ. ಒಳಗೆ ಮಾತ್ರ ಬೇಯುತ್ತಿದ್ದೆ. ಅಂಗಡಿಯಲ್ಲಿ ನಿಂತ ಗಿರಾಕಿಗಳ ಮೇಲೆ ರೇಗುತ್ತಿದ್ದೆ. ಹುಟ್ಟುಹಬ್ಬದ ಬ್ಯಾನರಿಗೆ ಶ್ರದ್ಧಾಂಜಲಿಯ ಚೌಕಟ್ಟು ಹಾಕಿ ಪ್ರಿಂಟ್ ಕೊಟ್ಟು ಬೈಸಿಕೊಂಡದ್ದು ಆಗಲೇ.

ನೀವು ಆಗ ಗೆಲ್ಲುತ್ತಿದ್ದಿರಿ. ಗೆದ್ದರೂ ಒಂದು ಮಾತು ಹೆಚ್ಚಿಲ್ಲ. ನನ್ನ ಶೀಟು ಓದಿ ಬೆನ್ನು ತಟ್ಟಿ, “ತೀರ್ಮಾನ ಎಲ್ಲಾ ಸರಿ ಐತಲ್ಲೋ. ಎಲೆ ಬರ್ತಿಲ್ಲ ಅಷ್ಟೆ. ತಡಿ,” ಎಂದು ಸಮಾಧಾನ ಹೇಳುತ್ತಿದ್ದಿರಿ. ಆ ಸಮಾಧಾನವೇ ನನಗೆ ಮುಳ್ಳಾಯಿತು. ಯಾಕೆಂದರೆ — ಇದನ್ನೂ ಇವತ್ತೇ ಹೇಳಿಬಿಡುತ್ತೇನೆ — ನಾನು ನಿಮಗೆ ತೋರಿಸುತ್ತಿದ್ದ ಶೀಟುಗಳು ಪೂರ್ತಿ ನಿಜವಾಗಿರಲಿಲ್ಲ. ಸಿಟ್ಟಿನಲ್ಲಿ ಕಣ್ಣುಮುಚ್ಚಿ ಆಡಿ ಸೋತದ್ದನ್ನೆಲ್ಲ ಬಿಟ್ಟು, ಎಲೆ ಕೈಕೊಟ್ಟದ್ದನ್ನು ಮಾತ್ರ ಬರೆಯುತ್ತಿದ್ದೆ. ನನ್ನ ಕಸುಬೇ ಅದಲ್ಲವೇ, ಇದ್ದ ಮುಖವನ್ನು ತಿದ್ದಿ ಬೆಳ್ಳಗೆ ಮಾಡಿ ಕೊಡುವುದು. ನೀವು ಒಬ್ಬ ದುರದೃಷ್ಟವಂತನಿಗೆ ಸಮಾಧಾನ ಹೇಳುತ್ತಿದ್ದಿರಿ. ಎದುರಿಗೆ ಕೂತಿದ್ದವನು ಸುಳ್ಳ.

ಒಂದು ದಿನ ನನ್ನ ಹೆಂಡತಿ ಸವಿತಾಳ ಪಾನ್ ಕಾರ್ಡು ತೆಗೆದುಕೊಂಡು, ಬ್ಯಾಂಕಿನ ಯಾವುದೋ ಕೆಲಸವೆಂದು ಅವಳ ಫೋನಿಗೆ ಬಂದ ಒಟಿಪಿ ನಂಬರನ್ನೂ ಕೇಳಿ ಪಡೆದು, ಇನ್ನೊಂದು ಖಾತೆ ತೆರೆದೆ. ಖಾತೆ ಅವಳ ಹೆಸರಿನಲ್ಲಿ, ಟೇಬಲ್ಲಿನ ಮೇಲೆ ಕಾಣುವ ಹೆಸರು ಕಾಳಿಂಗ. ನನ್ನ ಹೆಸರಿನ ದೆಸೆ ಚೆನ್ನಾಗಿಲ್ಲ, ಹೊಸ ಹೆಸರಿನಲ್ಲಿ ನೋಡೋಣ ಎಂದುಕೊಂಡೆ — ಹಾಗೆಂದೇ ನಂಬಿಕೊಂಡಿದ್ದೆ. ನಮ್ಮ ಮಟ್ಟದ ಪಣದ ಟೇಬಲ್ಲುಗಳು ಮಧ್ಯಾಹ್ನ ಎರಡೋ ಮೂರೋ ಇರುತ್ತಿದ್ದವು. ಒಂದರಲ್ಲಿ ‘ಟೈಮ್‌ಕೀಪರ್’ ಎಂಬ ಹೆಸರು ಕಂಡಿತು. ನೀವು. ಆರನೇ ಕುರ್ಚಿ ಖಾಲಿ ಇತ್ತು.

ಸುಮ್ಮನೆ ನೋಡೋಣವೆಂದು ಕೂತೆ. ದೇವರಾಣೆ, ಮೊದಲ ಹತ್ತು ನಿಮಿಷ ಎಲೆ ಕೆಳಗಿಡುತ್ತಲೇ ಇದ್ದೆ. ಆಮೇಲೆ ಒಂದು ಆಟದಲ್ಲಿ ನನಗೆ ಆರರ ಜೋಡಿ ಬಂತು — ತೀರಾ ಸಾಧಾರಣ ಎಲೆ. ನಡುವೆ ಎಕ್ಕ ಬಿತ್ತು, ರಾಣಿ ಬಿತ್ತು. ನಿಮ್ಮ ಸರದಿ ಬಂದದ್ದೇ ತಡ, ಕಣ್ಣು ಮಿಟುಕಿಸುವುದರೊಳಗೆ ದೊಡ್ಡ ಪಣ. ಆ ಕ್ಷಣ ಬೇರೆ ಯಾರೇ ಆಗಿದ್ದರೂ ಆರರ ಜೋಡಿ ಕೆಳಗಿಟ್ಟು ಎದ್ದು ಹೋಗುತ್ತಿದ್ದರು. ನನ್ನ ಕಿವಿಯಲ್ಲಿ ಖಾಲಿ ಬಸ್ಸಿನ ಇಂಜಿನ್ ಕೇಳಿಸಿತು. ‘ತೋರಿಸು’ ಒತ್ತಿದೆ. ನಿಮ್ಮ ಕೈಯಲ್ಲಿ ಏನೂ ಇರಲಿಲ್ಲ.

ಎರಡು ತಿಂಗಳಲ್ಲಿ ಮೊದಲ ಸಲ ಗೆದ್ದಿದ್ದೆ. ಮೈ ಬೆಚ್ಚಗಾಯಿತು. ನಾಚಿಕೆಯೂ ಆಯಿತು ಎಂದು ಬರೆಯಬೇಕೆಂದಿದ್ದೆ... ಇಲ್ಲ. ಅವತ್ತು ಆಗಲಿಲ್ಲ. ಖುಷಿಯೇ ಆಯಿತು. ಕುರ್ಚಿಯಿಂದ ಎದ್ದು ಅಂಗಡಿಯ ಮುಂದೆ ಒಂದು ಸುತ್ತು ಓಡಾಡಿ ಬಂದೆ.

ಮಾರನೆಯ ದಿನವೂ ಹೋದೆ. ಅದರ ಮಾರನೆಯ ದಿನವೂ. ನೀವು ತಡ ಮಾಡಿದರೆ ಎಲೆ ಕೆಳಗಿಡುವುದು, ಟಕ್ಕನೆ ಹಾಕಿದರೆ ಹಿಡಿಯುವುದು. ಇಷ್ಟಕ್ಕೆ ವಿದ್ಯೆ ಬೇಕೇ? ಆದರೂ ನನಗೆ ನಾನೇ ಹೇಳಿಕೊಂಡೆ — ಈಗ ಆಟ ಬಂತು, ಈಗ ಎದುರಿನವರನ್ನು ಓದಲು ಕಲಿತೆ. ಬೇರೆ ಟೇಬಲ್ಲಿಗೆ ಹೋದರೆ ಅದೇ ಸೋಲು. ನಿಮ್ಮ ಮುಂದೆ ಮಾತ್ರ ನಾನು ಜಾಣ.

ಸೋಮವಾರಗಳನ್ನು ಹೇಗೆ ಬರೆಯಲಿ ಭಾವ! ನಾನು ನಿಮ್ಮಿಂದ ಗೆದ್ದ ಆಟಗಳನ್ನೇ ನೀವು ಶೀಟಿನ ಮೇಲೆ ಬರೆದುಕೊಂಡು ಬಂದು, ನನ್ನ ಮುಂದೆ ಇಟ್ಟು, ಎಲ್ಲಿ ತಪ್ಪಿದೆ ಎಂದು ಕೇಳುತ್ತಿದ್ದಿರಿ. ನಿಮ್ಮ ಅಕ್ಷರದಲ್ಲಿ ‘ಎದುರಾಳಿ: ಕಾಳಿಂಗ, ಆರರ ಜೋಡಿ’ ಎಂದು ಓದುತ್ತಿದ್ದೆ. ಗಲ್ಲಕ್ಕೆ ಕೈ ಇಟ್ಟುಕೊಂಡು ಯೋಚಿಸಿದ ಹಾಗೆ ಮಾಡುತ್ತಿದ್ದೆ. ನಿಮ್ಮ ಸೋಲು ಬೆಳೆಯುತ್ತಿತ್ತು. ನಾನು ಶೀಟು ತೋರಿಸುವುದು ಕಡಿಮೆಯಾದದ್ದು ನೋಡಿ, ನನ್ನ ಸೋಲು ನಿಂತಿದೆ ಎಂದು ನೀವೇ ಸಂತೋಷಪಟ್ಟಿರಿ. “ನೋಡಿದ್ಯಾ, ತಡಿ ಅಂದಿದ್ದೆ. ಈಗ ನೀನು ನನಗಿಂತ ಚೆನ್ನಾಗಿ ಓದ್ತೀಯ ಬಿಡು,” ಎಂದು ಅಂಗಡಿಗೆ ಮಿರ್ಚಿ ಮಂಡಕ್ಕಿ ತರಿಸಿಕೊಟ್ಟಿರಿ. ತಿಂದೆ.

ನಡುವೆ ಒಂದು ಸಲ ನೀವೇ ದಾರಿ ಹುಡುಕಿದಿರಿ. ಎಲೆ ಯಾವುದೇ ಇರಲಿ, ಪಣ ಹಾಕುವ ಮುಂಚೆ ಮನಸ್ಸಿನಲ್ಲಿ ಹತ್ತು ಎಣಿಸುವುದು. ಆಗ ಖಾಲಿಯೋ ತುಂಬಿದೆಯೋ ಯಾರಿಗೂ ತಿಳಿಯುವುದಿಲ್ಲ. ಸರಿಯಾದ ಮದ್ದು. ಒಂದೇ ವಾರದಲ್ಲಿ ನನ್ನ ಆಟ ಮುಗಿದುಹೋಗುತ್ತಿತ್ತು. ನೀವು “ಹೆಂಗೆ?” ಎಂದು ನನ್ನ ಮುಖ ನೋಡಿದಿರಿ.

“ಅದೆಲ್ಲ ಬ್ಯಾಡ್ರಿ ಭಾವ. ಎಣಿಸ್ತಾ ಕುಂತ್ರೆ ಯೋಚನೆ ಹಾಳಾಗ್ತೈತೆ. ನಿಮ್ಮ ಕೈ ಹೆಂಗೆ ಓಡ್ತೈತೋ ಹಂಗೇ ಆಡ್ರಿ.”

ಅಂದದ್ದು ನಾನು. ನೀವು ತಲೆಯಾಡಿಸಿ, ಶೀಟಿನ ಮೇಲೆ ಬರೆದಿದ್ದ ‘೧೦’ ಅನ್ನು ಪೆನ್ನಿನಿಂದ ಹೊಡೆದು ಹಾಕಿದಿರಿ. ಅಷ್ಟು ಸುಲಭವಾಗಿ ನಂಬುತ್ತೀರಿ ಎಂದು ನಾನೂ ಅಂದುಕೊಂಡಿರಲಿಲ್ಲ.

ಇದೂ ಸಣ್ಣದೇ. ಇದಾದ ಮೇಲಿನದು ಕೇಳಿ.

ನಾಲ್ಕನೇ ತಿಂಗಳು. ನೀವು ಬಂದು ಕೂತವರು ಶೀಟು ತೆಗೆಯಲೇ ಇಲ್ಲ. ಹೊರಗೆ ಪ್ರಿಂಟರ್ ಓಡುತ್ತಿತ್ತು. ನೀವು ಎದ್ದು ಬಾಗಿಲು ಮುಂದೆ ಮಾಡಿ ಬಂದು ಕೂತಿರಿ. ಆಮೇಲೆ ನಿಧಾನವಾಗಿ ಹೇಳಿದಿರಿ:

“ಮಂಜಾ, ಆ ಕಾಳಿಂಗ ನಮ್ಮ ಕಡೆಯೋನೇ ಕಣೋ. ನನ್ನ ಬಲ್ಲೋನು. ನನ್ನ ಆಟ ನೋಡಿ ಆಡ್ತಿಲ್ಲ ಅವನು — ನನ್ನ ನೋಡಿ ಆಡ್ತಾನೆ. ನಂಗೆ ಹಂಗೆ ಅನ್ನಿಸ್ತೈತೆ.”

ನೀವು ನೋಡಿದ್ದು ನಿಜ. ಊರು ಗೊತ್ತಿಲ್ಲ, ಮುಖ ಕಂಡಿಲ್ಲ, ಮೊಬೈಲಿನ ಪರದೆಯ ಮೇಲೆ ಒಂದು ಹೆಸರು ಮತ್ತು ಒಂದು ಹಾವಿನ ಚಿತ್ರ ಬಿಟ್ಟರೆ ಏನೂ ಇಲ್ಲ. ಅಷ್ಟರಲ್ಲೇ ನೀವು ಅವನನ್ನು ಹಿಡಿದಿದ್ದಿರಿ. ಇನ್ನೊಂದು ಹೆಜ್ಜೆ ಹಾಕಿದ್ದರೆ ನನ್ನ ಹೆಸರೇ ಹೇಳುತ್ತಿದ್ದಿರಿ. ನಿಮ್ಮ ಕಣ್ಣು ನನ್ನ ಮೇಲೇ ಇತ್ತು — ಅನುಮಾನದಿಂದಲ್ಲ, ಸಹಾಯ ಕೇಳುತ್ತಾ. ನಾನು ನಕ್ಕೆ. ಜೋರಾಗಿ.

“ಏನ್ ಭಾವ ನೀವು! ದೇಶದಾಗೆ ಎಷ್ಟು ಜನ ಆಡ್ತಾರೆ, ನಿಮ್ಮನ್ನ ಬಲ್ಲೋನು ಎಲ್ಲಿಂದ ಬರ್ತಾನೆ? ಇದೆಲ್ಲ ನಿಮ್ಮ ಭ್ರಮೆ. ಸೋತು ಸೋತು ತಲೆ ಕೆಟ್ಟೈತೆ ನಿಮಗೆ. ನಿಮಗೆ ಏನನ್ನಿಸ್ತೈತೋ ಅದನ್ನ ನಂಬಬ್ಯಾಡ್ರಿ.”

“ಇರಬೋದು,” ಎಂದಿರಿ. ಮತ್ತೆ, “ಭ್ರಮೆನೇ ಇರಬೋದು.” ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಟಿರಿ. ಆ ಸೋಮವಾರದ ನಂತರ ನೀವು ಶೀಟು ತರಲಿಲ್ಲ, ಆಡಲಿಲ್ಲ.

ನೀವು ಬಿಟ್ಟ ಮೇಲೆ ಕಾಳಿಂಗ ಒಂದು ತಿಂಗಳೂ ಬಾಳಲಿಲ್ಲ. ಬೇರೆಯವರ ಮುಂದೆ ಅವನಿಗೆ ಏನೂ ಬರುತ್ತಿರಲಿಲ್ಲ. ನಿಮ್ಮಿಂದ ಗೆದ್ದದ್ದೂ ಹೋಯಿತು, ನನ್ನದೂ ಹೋಯಿತು. ಆ ದುಡ್ಡು ವಾಪಸ್ ಕೊಡುತ್ತೇನೆ ಎಂದು ಇಲ್ಲಿ ಒಂದು ಸಾಲು ಬರೆದಿದ್ದೆ, ಹೊಡೆದು ಹಾಕಿದೆ. ಕೊಡುವುದು ಕೊಡುತ್ತೇನೆ. ಆದರೆ ಅದನ್ನು ಕೊಟ್ಟು ಕೈತೊಳೆದುಕೊಳ್ಳುವ ವಿಷಯವಲ್ಲ ಇದು. ಆ ದುಡ್ಡು ನಿಮ್ಮ ಮಧ್ಯಾಹ್ನದ ಚಹಾದ್ದು. ನಾನು ಕಸಿದುಕೊಂಡದ್ದು ಬೇರೆ.

ಅದೇನೆಂದು ನನಗೆ ಗೊತ್ತಾದದ್ದು ಆರು ತಿಂಗಳ ಮೇಲೆ, ಚನ್ನಗಿರಿ ಸ್ಟ್ಯಾಂಡಿನಲ್ಲಿ. ನಿಮ್ಮನ್ನು ನೋಡಲೆಂದು ಬಂದಿದ್ದೆ. ಇಬ್ಬರು ಡ್ರೈವರುಗಳು ಮೂರು ನಿಮಿಷದ ಸಲುವಾಗಿ ಕೊರಳಪಟ್ಟಿ ಹಿಡಿದುಕೊಂಡು ನಿಮ್ಮ ಮುಂದೆ ನಿಂತಿದ್ದರು — ಯಾರು ಮೊದಲು ಬಂದರು, ಯಾರು ಸುಳ್ಳು ಹೇಳುತ್ತಿದ್ದಾರೆ. ಹಿಂದಾಗಿದ್ದರೆ ನೀವು ಇಬ್ಬರ ಮುಖವನ್ನೂ ಒಂದು ಸಲ ನೋಡಿ, ಒಬ್ಬನ ಕಡೆ ಬೆರಳು ತೋರಿಸಿ ಸೀಟಿ ಊದುತ್ತಿದ್ದಿರಿ. ಅಲ್ಲಿಗೆ ಜಗಳ ಮುಗಿಯಬೇಕು. ಅವತ್ತು ನೀವು ಗಡಿಯಾರ ನೋಡಿದಿರಿ, ಪುಸ್ತಕ ನೋಡಿದಿರಿ, ಮತ್ತೆ ಗಡಿಯಾರ ನೋಡಿದಿರಿ. “ನೀವಿಬ್ರೇ ಮಾತಾಡ್ಕೊಂಡು ತೀರ್ಮಾನ ಮಾಡ್ಕಳ್ರಪ್ಪ. ನಂಗೆ ಗೊತ್ತಾಗಲ್ಲ,” ಎಂದಿರಿ. ಡ್ರೈವರುಗಳಿಗೇ ಆಶ್ಚರ್ಯವಾಗಿ ಕೊರಳಪಟ್ಟಿ ಬಿಟ್ಟರು. ನಾನು ಚಹಾದ ಅಂಗಡಿಯ ಕಂಬದ ಹಿಂದೆ ನಿಂತು ಎಲ್ಲವನ್ನೂ ನೋಡಿ, ನಿಮ್ಮನ್ನು ಮಾತಾಡಿಸದೆ ಹೊನ್ನಾಳಿ ಬಸ್ಸು ಹತ್ತಿದೆ. ಅವತ್ತೇ ಹೇಳಬೇಕಿತ್ತು. ಬಸ್ಸಿನಲ್ಲಿ ಕೂತು, ವಯಸ್ಸಾಯಿತಲ್ಲ, ಅದಕ್ಕೇ ಹೀಗೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಮಗೆ ಆಗ ಐವತ್ತೂ ತುಂಬಿರಲಿಲ್ಲ.

ಈಗ ನಿಮ್ಮ ಮಗಳ, ರಮ್ಯಾಳ ವಿಷಯ.

ಜಗಳೂರಿನ ಆ ಸಂಬಂಧ ಬಂದದ್ದು ನಮ್ಮ ಕಡೆಯಿಂದಲೇ. ಸವಿತಾಳ ತವರು ಅಲ್ಲೇ ಹತ್ತಿರದ ಸೊಕ್ಕೆ. ಅವಳ ದೊಡ್ಡಪ್ಪನ ಕಡೆಯವರು ಹುಡುಗನ ಮನೆಗೆ ಬೇಕಾದವರು. ಪಂಪ್‌ಸೆಟ್ಟಿನ ಅಂಗಡಿ, ಸ್ವಂತ ಮನೆ, ಓದಿದ ಹುಡುಗ. ಇದು ಕೂಡಿ ಬಂದರೆ ನಮ್ಮ ಮಾವನ ಮನೆಯಲ್ಲಿ ನನ್ನ ಬೆಲೆ ಏರುತ್ತದೆ, ಸುಳ್ಳೇಕೆ. ನೀವೂ ಅಕ್ಕನೂ ಒಮ್ಮೆ ಹೋಗಿ ನೋಡಿ ಬಂದಿರಿ. ಬರುವ ಭಾನುವಾರ ನಾನೂ ಹೋಗಿ ನೋಡಿ ಮಾತು ಕೊಡುವುದೆಂದಾಗಿದೆ. ಸೋದರಮಾವ ಹೂಂ ಅನ್ನದೆ ನಮ್ಮಲ್ಲಿ ಯಾವ ಮದುವೆ ಮುಂದೆ ಹೋಗುತ್ತದೆ? ಶಾಸ್ತ್ರಕ್ಕೆ ಕೇಳುವುದು ಬೇರೆ. ಮೊನ್ನೆ ಸಂಜೆ ನೀವು ಫೋನಿನಲ್ಲಿ ಕೇಳಿದ್ದು ಶಾಸ್ತ್ರಕ್ಕಲ್ಲ.

“ಹುಡುಗ ಒಳ್ಳೇನೇ ಮಂಜಾ. ಆದ್ರೆ ನಾನು ಏನು ಕೇಳಿದ್ರೂ ಅವನು ಮೊದಲು ತಾಯಿ ಮುಖ ನೋಡ್ತಿದ್ದ. ಆಕೆ ಕಣ್ಣು ಹಿಂಗೆ ಮಾಡಿದ ಕೂಡ್ಲೇ ಅರ್ಧಕ್ಕೇ ಮಾತು ನಿಲ್ಲಿಸ್ದ. ರಮ್ಯಾ ಕೆಲ್ಸಕ್ಕೆ ಹೋಗೋ ವಿಷ್ಯ ಎತ್ತಿದಾಗ್ಲಂತೂ... ನಂಗ್ಯಾಕೋ ಸರಿ ಅನ್ನಿಸ್ಲಿಲ್ಲ.” ಇಷ್ಟು ಹೇಳಿ ನಿಂತಿರಿ. ನಾನು ಏನೋ ಹೇಳಲು ಹೊರಟೆ. ಅಷ್ಟರಲ್ಲಿ ನೀವೇ, “ಹೋಗ್ಲಿ ಬಿಡು. ನಂಗೆ ಅನ್ನಿಸೋದ್ರಾಗೆ ಏನೈತೆ, ನೀನೇ ಹೇಳಿದ್ಯಲ್ಲ ಅವತ್ತು. ನೀನು ಜನರನ್ನ ಓದ್ತೀಯ. ನೀನು ಬಂದು ನೋಡು, ನೀನು ಹೂಂ ಅಂದ್ರೆ ಹೂಂ. ರಮ್ಯಾ ‘ನಿಮಗೆ ಏನನ್ಸುತ್ತೆ ಅಪ್ಪಾಜಿ’ ಅಂತ ಕೇಳಿದ್ಲು. ಮಾಮನ್ನ ಕೇಳು ಅಂದೀನಿ,” ಎಂದಿರಿ.

ನಾನು ಆಗಲಿ ಭಾವ ಎಂದು ಫೋನ್ ಇಟ್ಟೆ. ಕಂಪ್ಯೂಟರಿನ ಮುಂದೆ ಯಾರದೋ ಗೃಹಪ್ರವೇಶದ ಬ್ಯಾನರ್ ಅರ್ಧ ಆಗಿತ್ತು. ಗಿರಾಕಿ ಬಂದು, ಬೈದು, ಹೋದ. ನಾನು ಅಲ್ಲೇ ಕೂತಿದ್ದೆ. ಅವತ್ತು ನಕ್ಕು ಅಂದ ಮಾತು ನಿಮ್ಮೊಳಗೆ ಇಷ್ಟು ವರ್ಷ ಕೂತಿದೆ. ಅದು ಬಸ್ ಸ್ಟ್ಯಾಂಡಿಗೆ ಬಂತು. ಈಗ ನಿಮ್ಮ ಮಗಳ ಜೀವನದ ತನಕ ಬಂದಿದೆ.

ನಿನ್ನೆ ಸವಿತಾಗೆ ಹೇಳಿದೆ. ಬೈಯುತ್ತಾಳೆಂದು ಕಾದಿದ್ದೆ. “ನನ್ನ ಹೆಸರಿನಾಗೆ ಆ ಮನುಷ್ಯಂಗೆ ಮೋಸ ಮಾಡೀರಾ?” ಎಂದು ಒಂದೇ ಸಲ ಕೇಳಿದಳು. ಆಮೇಲೆ ಮಾತಾಡಿಲ್ಲ. ಅನ್ನ ಬಡಿಸುತ್ತಾಳೆ, ಮಾತಾಡುವುದಿಲ್ಲ. ನೀವೂ ಹಾಗೇ ಮಾಡಬಹುದು. ಅಕ್ಕ ನನ್ನ ಮುಖ ನೋಡದೆ ಇರಬಹುದು. ಕ್ಷಮಿಸಿ ಎಂದು ಕೇಳುವ ಧೈರ್ಯ ಸದ್ಯಕ್ಕೆ ನನಗಿಲ್ಲ. ಎರಡು ತಿಂಗಳ ಸೋಲು ತಡೆಯಲಾರದೆ ಹೀಗೆ ಮಾಡಿದೆ ಎಂದು ಹೇಳಿದರೆ ಅದೂ ಒಂದು ತಿದ್ದಿದ ಫೋಟೋ ಆಗುತ್ತದೆ. ಅದಕ್ಕಿಂತ ಉದ್ದದ ಸೋಲನ್ನು ನೀವು ನನ್ನ ಮುಂದೆಯೇ ಕೂತು ತಡೆದುಕೊಂಡಿರಿ; ಯಾರ ಬೆನ್ನಿಗೂ ಚೂರಿ ಹಾಕಲಿಲ್ಲ.

ನನಗೆ ಒಂದೇ ಅವಸರ. ಭಾನುವಾರ ಜಗಳೂರಿಗೆ ಗಾಡಿ ಹೊರಡುವ ಮೊದಲು ಇದು ನಿಮ್ಮ ಕೈಯಲ್ಲಿರಬೇಕು. ಅಂಚೆಗೆ ಹಾಕುವುದಿಲ್ಲ, ಫೋನಿನಲ್ಲಿ ಕಳಿಸುವುದಿಲ್ಲ. ಶನಿವಾರ ಬೆಳಿಗ್ಗೆ ನಾನೇ ಚನ್ನಗಿರಿಗೆ ಬಂದು ಕೊಡುತ್ತೇನೆ. ನೀವು ಓದುವಾಗ ಹೊರಗೆ ಎದ್ದು ಹೋಗುವುದಿಲ್ಲ, ಎದುರಿಗೇ ಕೂತಿರುತ್ತೇನೆ. ಏನು ಮಾಡಬೇಕೆನಿಸುತ್ತದೋ ಮಾಡಿ.

ಆದರೆ ಒಂದು ಮಾತು ತಿಳಿದುಕೊಳ್ಳಿ. ನಿಮಗೆ ಅನ್ನಿಸಿದ್ದು ಅವತ್ತು ಸುಳ್ಳಾಗಿರಲಿಲ್ಲ. ಅಕ್ಷರ ಅಕ್ಷರ ನಿಜವಾಗಿತ್ತು. ಸುಳ್ಳಾಗಿದ್ದದ್ದು ನಾನು ನಕ್ಕ ನಗು. ಆ ಹುಡುಗನ ಮನೆಯಲ್ಲಿ ನಿಮಗೆ ಏನು ಕಂಡಿತೋ ಅದನ್ನು ರಮ್ಯಾಳನ್ನು ಕೂರಿಸಿಕೊಂಡು ನೀವೇ ಹೇಳಿ. ಅವಳೂ ದಡ್ಡಿಯಲ್ಲ, ಕೇಳಿ ಅವಳೇ ತೂಗಿ ನೋಡುತ್ತಾಳೆ. ನನ್ನನ್ನು ಕೇಳಬೇಡಿ. ಸೋದರಮಾವನ ಹೂಂ ನಿಮ್ಮ ಮನೆಯಲ್ಲಿ ಇನ್ನು ಬೆಲೆ ಬಾಳುವುದಿಲ್ಲ.

ನಿಮ್ಮಿಬ್ಬರಿಗೂ ಬೇಡ ಅನ್ನಿಸಿದರೆ ಜಗಳೂರಿಗೆ ಫೋನ್ ಮಾಡಿ ಹೇಳುವ ಕೆಲಸ ನನ್ನದು. ಸಂಬಂಧ ತಂದವನು ನಾನು, ಬೈಗುಳ ತಿನ್ನಬೇಕಾದವನೂ ನಾನೇ. ಏನು ಕಾರಣ, ಯಾಕೆ ಬೇಡ ಎಂದು ಅವರು ಕೇಳಿಯೇ ಕೇಳುತ್ತಾರೆ. ಹುಡುಗಿಯ ಅಪ್ಪನಿಗೆ ಸರಿ ಅನ್ನಿಸಲಿಲ್ಲ ಎಂದು ಹೇಳುತ್ತೇನೆ. ಅಷ್ಟು ಸಾಕು ಎಂದು ಹೇಳುತ್ತೇನೆ.